ಹಾಲುಬಣ್ಣದ ಕೊಳವೆ

ನಿಹಾಲ್‌ಗೆ ಕೂತಲ್ಲಿಂದ ಏಳುವುದೇ ಬೇಡವಾಗಿತ್ತು. ರಂಜಾನಿನ ಇಪ್ಪತ್ತನೆಯ ದಿನ, ಅಲೆಕ್ಸಾಂಡ್ರಿಯಾದ ಸೆಕೆ, ಬೆಳಗಿನಿಂದ ಗುಟುಕು ನೀರಿಲ್ಲ. ಸಾಲದ್ದಕ್ಕೆ ಇವತ್ತು ಅವಳ ಲ್ಯಾಬಿಗೆ ಪರೀಕ್ಷೆಗೆ ಬಂದದ್ದು ಅಪ್ಪನ ರಕ್ತ.

ಟ್ರಾಮ್ ಓಡಿಸಿ ನಿವೃತ್ತನಾದ ಅಬ್ದುಲ್ ಫತ್ತಾಹ್ ಮೂರು ತಿಂಗಳಲ್ಲಿ ಅರ್ಧವಾಗಿದ್ದ. ಮೇದೋಜ್ಜೀರಕದಲ್ಲಿ ಏನೋ ಕಲೆ. ಅಲ್ಲಿಗೆ ಸೂಜಿ ಹಾಕಿ ಚೂರು ತೆಗೆದು ನೋಡಲು ವೈದ್ಯರು ಹಿಂಜರಿದರು. ಜೀವಕೋಶಗಳು ರಕ್ತಕ್ಕೆ ಕಣ್ಣಿಗೆ ಕಾಣದ ಗುಳ್ಳೆಗಳನ್ನು ಉದುರಿಸುತ್ತಿರುತ್ತವೆ. ಕ್ಯಾನ್ಸರ್ ಇದ್ದರೆ ಅದರ ಗುರುತು ಆ ಗುಳ್ಳೆಗಳಲ್ಲಿ ಸಿಗುತ್ತದೆ. ಅವನ್ನು ಹಿಡಿದು ನೋಡುವುದೇ ಅವಳ ಕೆಲಸ. ಹೊಟ್ಟೆ ಮಾತ್ರ ಖಾಲಿ ಇರಬೇಕು. ಉಂಡ ಜಿಡ್ಡು ರಕ್ತಕ್ಕಿಳಿದರೆ ಗುಳ್ಳೆ ಯಾವುದು, ಜಿಡ್ಡು ಯಾವುದು ಎಂದು ತಿಳಿಯದು. ರಂಜಾನಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಹಿರಿಯರನ್ನು ‘ಏನಾದರೂ ತಿಂದಿರಾ’ ಎನ್ನುವುದು ಮುಖಕ್ಕೆ ಹೊಡೆದಂತೆ. ಅವಳೂ ಕೇಳಿರಲಿಲ್ಲ.

ಬಂದ ಕೂಡಲೇ ಅಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದಳು. ಮುಳ್ಳು ಅರ್ಧ ಕಿಲೋ ಏರಿತ್ತು. ಎಷ್ಟೋ ವಾರಗಳ ಮೇಲೆ ಅವಳು ನಕ್ಕಿದ್ದಳು.

ಈಗ ರಕ್ತವನ್ನು ಗಿರ್ರನೆ ತಿರುಗಿಸುವ ಯಂತ್ರದಿಂದ ತೆಗೆದ ಕೊಳವೆಯಲ್ಲಿ, ರಕ್ತದ ಮೇಲೆ ನಿಂತ ತಿಳಿನೀರು ಜಿಡ್ಡಿನಿಂದ ಹಾಲಿನಂತೆ ಬೆಳ್ಳಗಿತ್ತು. ಐವತ್ತು ವರ್ಷ ಒಂದೂ ಉಪವಾಸ ಬಿಡದ ಮನುಷ್ಯ! ಅವಳಿಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ.

ಅವನು ಹೊರಗೆ ಬೆಂಚಿನ ಮೇಲೆ ಜಪಮಣಿ ಎಣಿಸುತ್ತಿದ್ದ.

"ಅಪ್ಪ, ಏನು ತಿಂದೆ?"

"ರಂಜಾನಲ್ಲಿ ಕೇಳೋ ಮಾತೇನೇ ಇದು?"

"ನೀನು ಮುಚ್ಚಿಟ್ರೂ ನಿನ್ನ ರಕ್ತ ಹೇಳುತ್ತೆ."

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ನಿನ್ನೆ ಉಳಿದಿತ್ತಲ್ಲ, ಹುರಿದ ಲಿವರ್. ರೊಟ್ಟಿ ಜೊತೆ. ತಟ್ಟೆ ಪೂರ್ತಿ."

"ಕಾಯಿಲೆಯವರಿಗೆ ದೇವರೇ ಉಪವಾಸ ಮಾಫಿ ಮಾಡಿದಾನೆ. ಹಸಿವಾದ್ರೆ ನನಗೊಂದು ಮಾತು ಹೇಳಬಾರದಿತ್ತಾ?"

"ಹಸಿವೆಲ್ಲಿ ಬಂತು? ತುತ್ತೇ ಇಳೀತಿರಲಿಲ್ಲ." ಅವನು ತೂಕದ ಯಂತ್ರದ ಕಡೆ ಗದ್ದ ಚಾಚಿ ತೋರಿಸಿದ. "ಅದರ ಮುಳ್ಳು ಇಳಿದಷ್ಟೂ ನಿನ್ನ ಮುಖ ಇಳಿಯುತ್ತೆ. ಒಂದ್ಸಲ ಏರಲಿ ಅಂತ ತುರುಕಿಕೊಂಡೆ ಕಣಮ್ಮ. ನಕ್ಕೆಯಲ್ಲ, ಸಾಕು."

ನಿಹಾಲ್ ಅವನ ಪಕ್ಕ ಕುಸಿದು ಕೂತಳು. "ನಾಳೆ ಮತ್ತೆ ರಕ್ತ ಕೊಡಬೇಕಪ್ಪ. ಬರೀ ಹೊಟ್ಟೇಲಿ," ಎಂದಳು.

ಮರುದಿನ ಅವನು ಗೋಡೆ ಹಿಡಿದುಕೊಂಡೇ ಬಂದ. ಅವಳು ಹೇಳುವ ಮೊದಲೇ ತೂಕದ ಯಂತ್ರ ಹತ್ತಿದ. ಕನ್ನಡಕವಿಲ್ಲದೆ ಅವನಿಗೆ ಮುಳ್ಳು ಕಾಣದು.

"ಎಷ್ಟಿದೆಯೇ?"

ನಿಹಾಲ್ ನೋಡಿದಳು. ಒಂದು ಕಿಲೋ ಇಳಿದಿತ್ತು.

"ನಿನ್ನೆಯಷ್ಟೇ," ಎಂದು ನಕ್ಕು, ರಕ್ತ ತೆಗೆಯಲು ಅವನ ತೋಳಿಗೆ ಪಟ್ಟಿ ಕಟ್ಟಿದಳು.