ಬಂಡೆಯ ಮೇಲೆ ಏನೂ ತಿನ್ನಬೇಡಿ

ಆ ಊರಿಗೆ ಬರುವ ಬಸ್ಸುಗಳಿಗೆಲ್ಲ ಅದೇ ಕೊನೆಯ ನಿಲ್ದಾಣ. ಅಲ್ಲಿಂದಾಚೆ ರಸ್ತೆ ಇಲ್ಲ. ಹುಲ್ಲುಗಾವಲು, ಕಾಡು, ಗುಡ್ಡ. ಹೀಗಾಗಿ ಬಸ್ಸಿಳಿದವರಿಗೆಲ್ಲ ಎರಡೇ ಪ್ರಶ್ನೆ: ಏನು ನೋಡುವುದು, ಎಲ್ಲಿ ತಿನ್ನುವುದು. ಇವೆರಡಕ್ಕೆ ಉತ್ತರ ಹೇಳಲೆಂದೇ ನಿಲ್ದಾಣದ ಮೂಲೆಯಲ್ಲಿ ಒಂದು ಮಾಹಿತಿ ಕೊಠಡಿ ಇತ್ತು. ಕೊಠಡಿಗೊಂದು ಕಿಟಕಿ, ಕಿಟಕಿಯ ಹಿಂದೆ ಒಬ್ಬ ಗುಮಾಸ್ತೆ. ಊರವರು ಅವಳನ್ನು ಕಿಟಕಿಯಮ್ಮ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಕಿಟಕಿಯಮ್ಮ ಸುಳ್ಳು ಹೇಳುವವಳಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ, ಕೆಲವೊಮ್ಮೆ ಅದು ದೊಡ್ಡ ಕಾಟ. "ಕೆರೆ ಹತ್ರ ಹಕ್ಕಿ ಕಾಣಿಸ್ತವಾ?" ಎಂದು ಯಾರಾದರೂ ಆಸೆಯಿಂದ ಕೇಳಿದರೆ, "ನಿನ್ನೆ ಏಳು ಇದ್ವು, ಇವತ್ತಿಂದು ಗೊತ್ತಿಲ್ಲ" ಎನ್ನುವಳು. ಎಲ್ಲಿ ತಿನ್ನುವುದೆಂದು ಕೇಳಿದರೆ ಇಲಾಖೆ ಅಚ್ಚು ಹಾಕಿಸಿದ ಹಾಳೆಯನ್ನು ಮುಂದಿಟ್ಟು, ಅದರಲ್ಲಿದ್ದ ಹನ್ನೊಂದು ಹೋಟೆಲುಗಳ ಹೆಸರನ್ನು ಮೇಲಿಂದ ಕೆಳಗೆ ಒಂದೇ ದನಿಯಲ್ಲಿ ಓದುವಳು. ಕೇಳಿದವರು ಸುಸ್ತಾಗಿ, "ಅದೆಲ್ಲ ಇರ್ಲಿ, ನೀವು ಎಲ್ಲಿ ಊಟ ಮಾಡ್ತೀರ ಅದನ್ನ ಹೇಳಿ" ಎನ್ನುವರು.

"ನಾನು ಡಬ್ಬಿ ತರ್ತೀನಿ."

ಆರು ವರ್ಷದಿಂದ ಇದೇ ಉತ್ತರ. ಅದೂ ಸುಳ್ಳಲ್ಲ. ಕಪಾಟಿನ ಕೆಳಗಿನ ಖಾನೆಯಲ್ಲಿ ಅವಳ ಡಬ್ಬಿ ಇರುತ್ತಿತ್ತು, ಅದರಲ್ಲಿ ಬೆಳಿಗ್ಗೆಯೇ ತಣ್ಣಗಾದ ಎರಡು ರೊಟ್ಟಿ.

ಆದರೆ ಊರಿನಲ್ಲಿದ್ದ ಹೋಟೆಲುಗಳು ಹನ್ನೊಂದಲ್ಲ, ಹನ್ನೆರಡು. ಹನ್ನೆರಡನೆಯದು ಅವಳ ಸ್ವಂತ ಅಕ್ಕನದು. ತರಕಾರಿ ಗೋದಾಮಿನ ಹಿಂದೆ, ಎದುರಿಂದ ಕೈಗಾಡಿ ಬಂದರೆ ಗೋಡೆಗೆ ಅಂಟಿಕೊಳ್ಳಬೇಕಾದಂಥ ಓಣಿಯ ಕೊನೆಯಲ್ಲಿ, ತೊರೆಗೆ ಬೆನ್ನು ಹಾಕಿ ಕೂತಿತ್ತು. ದಾರಿ ತಪ್ಪಿದವರು ಮಾತ್ರ ತಲುಪುವಂಥ ಜಾಗ. ತಾಯಿ ತೀರಿಕೊಂಡ ಮೇಲೆ ತಂಗಿಯ ತಲೆ ಬಾಚಿ, ಜಡೆ ಹಾಕಿ, ಓದಿಸಿ, ಈ ನೌಕರಿಯ ಅರ್ಜಿಯನ್ನೂ ತಾನೇ ತಂದುಕೊಟ್ಟವಳು ಆ ಅಕ್ಕ. ತಂಗಿ ಕಿಟಕಿಯಲ್ಲಿ ಕೂತರೆ ನಾಲ್ಕು ಜನ ತನ್ನ ಕಡೆಗೂ ಬಂದಾರು ಎಂಬ ಆಸೆ ಅವಳಿಗಿದ್ದರೆ ಅದರಲ್ಲಿ ತಪ್ಪೇನಿದೆ?

ನೌಕರಿ ಸಿಕ್ಕಿತು, ಅದರ ಜೊತೆಗೆ ನಿಯಮಗಳ ಪುಸ್ತಕವೂ ಬಂತು. ಸಂಬಂಧಿಕರ ವ್ಯಾಪಾರವನ್ನು ನೌಕರರು ಪಟ್ಟಿಗೆ ಸೇರಿಸಬಾರದು, ಬಾಯಿಮಾತಿನಲ್ಲೂ ಸೂಚಿಸಬಾರದು. ಬೇರೆಯವರಾಗಿದ್ದರೆ ಕಣ್ಣು ಮುಚ್ಚಿಕೊಂಡು ಸೇರಿಸುತ್ತಿದ್ದರೇನೋ. ಇವಳು ಇವಳೇ.

ಮೊದಲ ಹಾಳೆ ಅಚ್ಚಾಗಿ ಬಂದ ದಿನ ಅಕ್ಕ ಹಿಟ್ಟು ಮೆತ್ತಿದ ಕೈಯಲ್ಲೇ ಕಿಟಕಿಗೆ ಓಡಿ ಬಂದಳು. ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಹನ್ನೊಂದೇ ಇದೆಯಲ್ಲೇ?"

"ಹೌದಕ್ಕ. ಸಂಬಂಧಿಕರದ್ದು ಹಾಕೋ ಹಾಗಿಲ್ಲ, ನಿಯಮ."

"ಹಾಗಾದ್ರೆ ನಾನು ಸಂಬಂಧ ಅಲ್ಲ ಅಂದ್ಕೊಂಡ್ಬಿಡು."

"ಅದು ಹೇಗಾಗುತ್ತಕ್ಕ?"

"ಆಗುತ್ತೆ. ಇವತ್ತಿಂದಲೇ ಆಗುತ್ತೆ," ಎಂದು ಅಕ್ಕ ಹೊರಟುಹೋದಳು. ಹಾಳೆಯ ಮೇಲೆ ಹಿಟ್ಟಿನ ಐದು ಬೆರಳು ಮೂಡಿದ್ದವು. ಆ ಹಾಳೆಯನ್ನು ಕಿಟಕಿಯಮ್ಮ ಇವತ್ತಿಗೂ ಎಸೆದಿಲ್ಲ.

ಅಂದಿನಿಂದ ಮಾತಿಲ್ಲ. ಪೇಟೆಯಲ್ಲಿ ಎದುರಾದರೆ ಅಕ್ಕ ಈರುಳ್ಳಿಯ ರಾಶಿಯಲ್ಲಿ ಮುಖ ಹುದುಗಿಸುವಳು, ತಂಗಿ ಆಲೂಗಡ್ಡೆಯ ರಾಶಿಯಲ್ಲಿ. ಒಂದು ತಿಂಗಳು ತಂಗಿಗೆ ಊಟ ಸೇರಲಿಲ್ಲ. ಆಮೇಲೆ ಒಂದು ರಜೆಯ ದಿನ ಅವಳು ಬೂಟು ಹಾಕಿಕೊಂಡು ಗುಡ್ಡದ ಕಡೆ ನಡೆದಳು. ಮುಂದಿನ ರಜೆಯಲ್ಲೂ ನಡೆದಳು. ಹೀಗೆ ನಡೆದು ನಡೆದು ಒಂದು ಹೊಸ ದಾರಿಯನ್ನು ಗುರುತು ಹಾಕಿ, ನಕ್ಷೆ ಬರೆದು, ಮೇಲಿನವರಿಂದ ಒಪ್ಪಿಗೆ ತರಿಸಿಕೊಂಡಳು. ನಿಲ್ದಾಣದಿಂದ ಹುಲ್ಲುಗಾವಲು, ಅಲ್ಲಿಂದ ಹಕ್ಕಿಗಳ ಕೆರೆ, ಕೆರೆಯಿಂದ ಊರೆಲ್ಲ ಕಾಣುವ ದೊಡ್ಡ ಬಂಡೆ, ಬಂಡೆಯಿಂದ ಇಳಿದರೆ ತೊರೆಯ ದಂಡೆ, ಕೊನೆಗೆ ಒಂದು ಮರದ ಸೇತುವೆ. ಸೇತುವೆ ದಾಟಿದರೆ ಎದುರಿಗೆ ಅಕ್ಕನ ಹಿತ್ತಿಲು.

ನಿಯಮವಿದ್ದದ್ದು ಹೋಟೆಲಿನ ಬಗ್ಗೆ, ದಾರಿಯ ಬಗ್ಗೆ ಅಲ್ಲವಲ್ಲ.

ಒಂಬತ್ತೂವರೆಗೆ ಹೊರಟವರು ಹನ್ನೆರಡೂವರೆಗೆ ಸೇತುವೆಗೆ ಬರುತ್ತಾರೆ. ಹನ್ನೆರಡೂವರೆಗೆ ಅಕ್ಕನ ದೊಡ್ಡ ಪಾತ್ರೆ ಒಲೆಯಿಂದ ಇಳಿಯುತ್ತದೆ. ಹೊಸದಾಗಿ ಮದುವೆಯಾದವರು ಕೆರೆಯ ಬಳಿ ಹೊತ್ತು ಕಳೆಯುತ್ತಾರೆಂದು ಅವರನ್ನು ಒಂಬತ್ತಕ್ಕೇ ಅಟ್ಟುವಳು. ಅಷ್ಟೇ ಅಲ್ಲ, ಹೊರಡುವವರಿಗೆಲ್ಲ ಒಂದು ಎಚ್ಚರಿಕೆ: "ಬಂಡೆ ಮೇಲೆ ಏನೂ ತಿನ್ಬೇಡಿ, ಕೋತಿ ಬರುತ್ತೆ." ಹಾಳೆಯಲ್ಲೂ ಅದನ್ನು ಅಚ್ಚು ಹಾಕಿಸಿದ್ದಳು. ಮೂರು ಗಂಟೆ ನಡೆದು, ಬಂಡೆಯ ಮೇಲೆ ಒಂದು ತುಣುಕೂ ಬಾಯಿಗೆ ಹಾಕದೆ ಇಳಿದು ಬಂದವರಿಗೆ ಒಗ್ಗರಣೆಯ ಘಮ ಮೂಗಿಗೆ ಬಡಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತ ಅವರು ಕಿಟಕಿಗೆ ಬಂದು, "ತೊರೆ ಪಕ್ಕ ಒಂದು ಹೋಟೆಲ್ ಸಿಕ್ತು ನೋಡಿ, ಎಂಥಾ ಊಟ!" ಎಂದು ಸುದ್ದಿ ಹೇಳುವರು. ಅವಳು ಪೆನ್ನು ಹಿಡಿದು ಕೇಳುವಳು: ಕಾಳು ಮೆತ್ತಗೆ ಬೆಂದಿತ್ತಾ? ಉಪ್ಪು ಸರಿ ಇತ್ತಾ? ಅಡುಗೆಯವರು ಹೇಗಿದ್ದರು? ಪಾಪ, ಇಲಾಖೆಯ ಸಮೀಕ್ಷೆ ಇರಬೇಕೆಂದು ಅವರೂ ಸರಿಯಾಗಿ ಉತ್ತರ ಕೊಡುವರು. ಬೆಂಚು ನಾಲ್ಕಿದ್ದದ್ದು ಒಂಬತ್ತಾಗಿದ್ದು, ಅಕ್ಕ ಒಂದು ಚಳಿಗಾಲ ಪೂರ್ತಿ ಕೆಮ್ಮಿದ್ದು, ಎಡಗೈ ಸುಟ್ಟುಕೊಂಡಿದ್ದು, ಎಲ್ಲವೂ ಅವಳಿಗೆ ತಲುಪಿದ್ದು ಹೀಗೆ. ಹೋಗಿ ನೋಡಿ ಬರೋಣವೆಂದು ಓಣಿಯ ತಿರುವಿನವರೆಗೂ ಹೋಗುವಳು, ಅಲ್ಲಿಂದ ವಾಪಸಾಗುವಳು. ಗುಡ್ಡದ ಆ ದಾರಿಯೊಂದೇ ಅವಳು ಅಕ್ಕನ ಜೊತೆ ಆಡುತ್ತಿದ್ದ ಮಾತು.

ಈ ವರ್ಷ ಹಾಳೆಯನ್ನು ಹೊಸದಾಗಿ ಅಚ್ಚು ಹಾಕಿಸುವುದೆಂದಾಯಿತು. ದಾರಿಗಳನ್ನೆಲ್ಲ ಖುದ್ದಾಗಿ ನಡೆದು ನೋಡಲು ಮುಖ್ಯ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ಐವತ್ತು ದಾಟಿದ, ಮಂಡಿ ಹಿಡಿದುಕೊಂಡು ನಡೆಯುವ, ಯಾವುದನ್ನೂ ಬರೆದುಕೊಳ್ಳದೆ ಬಿಡದ ಮನುಷ್ಯ. ಕಿಟಕಿಗೆ ಬೀಗ ಹಾಕಿ ಅವಳೂ ಜೊತೆಗೆ ಹೊರಟಳು.

ಹುಲ್ಲುಗಾವಲು ಚೆನ್ನಾಗಿದೆ ಎಂದರು. ಕೆರೆಯಲ್ಲಿ ಹಕ್ಕಿ ಎಣಿಸಿದರು. ಬಂಡೆ ಹತ್ತುವಷ್ಟರಲ್ಲಿ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಉಸ್ಸೆಂದು ಕೂತವರೇ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದರು.

"ಸಾರ್, ಕೋತಿ..."

"ಬರಲಿ ಬಿಡಿ, ನೋಡೇಬಿಡೋಣ."

ಒಂದು ಬಿಸ್ಕತ್ತು ಹೋಯಿತು, ಎರಡು ಹೋಯಿತು. ಕಿಟಕಿಯಮ್ಮ ಸುತ್ತಲಿನ ಒಂದೊಂದು ಮರವನ್ನೂ ನೋಡಿದಳು. ಇಷ್ಟು ದೊಡ್ಡ ಕಾಡಿನಲ್ಲಿ ಒಂದೇ ಒಂದು ಕೋತಿಗೆ ಈಗ ಹಸಿವಾಗಬಾರದೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಪೊಟ್ಟಣ ಖಾಲಿಯಾಯಿತು. ಸಾಹೇಬರು ಮೀಸೆಯ ಮೇಲಿನ ಪುಡಿ ಒರೆಸಿಕೊಂಡು ಪುಸ್ತಕ ತೆರೆದರು.

"ಮೇಡಂ, ಕೋತಿ ಕೊನೇ ಸಲ ಯಾವಾಗ ಬಂದಿತ್ತು?"

"ಏಳು ವರ್ಷ ಆಯ್ತು ಸಾರ್."

"ಎಷ್ಟು ಬಂದಿದ್ವು?"

"ಒಂದು."

ಅವರು ಅದನ್ನೂ ಬರೆದುಕೊಂಡರು. ಆಮೇಲೆ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, "ಈ ದಾರೀನ ಉಲ್ಟಾ ಮಾಡ್ಬೇಕು ಮೇಡಂ. ತೊರೆ ಕಡೆಯಿಂದ ಶುರು ಮಾಡಿದ್ರೆ ಬೆಳಿಗ್ಗೆ ನೆರಳಲ್ಲೇ ಹತ್ತಬಹುದು, ಬಿಸಿಲು ಬೆನ್ನಿಗೆ. ವಯಸ್ಸಾದವರಿಗೂ ಸಲೀಸು. ನೀವು ನಲವತ್ತು ಸಲ ನಡೆದಿದೀನಿ ಅಂತೀರಿ, ಇದು ಹೊಳೀಲೇ ಇಲ್ವಾ?" ಎಂದರು.

ದಾರಿ ತಿರುಗಿದರೆ ಹಸಿದು ಬಂದವರೆಲ್ಲ ಇಳಿಯುವುದು ನಿಲ್ದಾಣಕ್ಕೆ, ಸಾಲಾಗಿ ನಿಂತ ಹನ್ನೊಂದು ಹೋಟೆಲುಗಳ ಬಾಗಿಲಿಗೆ. ಅಕ್ಕನ ಒಂಬತ್ತು ಬೆಂಚು ಖಾಲಿ ಬೀಳುತ್ತವೆ. ಹೊಳೆದಿರಲಿಲ್ಲ ಎಂದು ಒಂದು ಮಾತು ಹೇಳಿ, ತೊರೆಯ ಕಡೆ ಏರು ಕಷ್ಟ, ಜಾರುತ್ತದೆ ಎಂದು ಸೇರಿಸಿದ್ದರೆ ಮುಗಿಯುತ್ತಿತ್ತು. ನಾಲಿಗೆ ಅದಕ್ಕೆ ಒಗ್ಗಬೇಕಲ್ಲ.

"ಹೊಳೆದಿತ್ತು ಸಾರ್."

"ಮತ್ತೆ?"

"ಕೆಳಗೆ ಹೋದ ಮೇಲೆ ಹೇಳ್ತೀನಿ."

ಸೇತುವೆಯ ಮೇಲೆ ಕಾಲಿಟ್ಟಾಗ ಗಂಟೆ ಹನ್ನೆರಡೂವರೆ. ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ, ಬೆಂದ ಕಾಳು. ಆರು ವರ್ಷದಲ್ಲಿ ಅವಳು ಆ ಸೇತುವೆ ದಾಟಿರಲಿಲ್ಲ. ಪ್ರತಿ ಸಲ ಈಚೆ ದಡದಿಂದಲೇ ಹಿಂದಿರುಗಿದ್ದಳು. ಈಗ ಆಚೆ ದಡ ಹತ್ತಿರದಿಂದ ಕಂಡಿತು. ಹಿತ್ತಿಲಿನ ಗೋಡೆಯನ್ನು ಒಡೆಸಿ ಅಗಲವಾದ ಬಾಗಿಲು ಇಡಿಸಲಾಗಿತ್ತು. ಬೆಂಚುಗಳೆಲ್ಲ ತೊರೆಗೆ ಮುಖ ಮಾಡಿದ್ದವು. ಬಾಗಿಲ ಪಕ್ಕ ಕಾಲು ತೊಳೆಯಲು ಚಪ್ಪಟೆ ಕಲ್ಲು, ತುಂಬಿದ ನೀರಿನ ತೊಟ್ಟಿ, ಬೂಟಿನ ಮಣ್ಣು ಕೆರೆಯಲು ಕಬ್ಬಿಣದ ಪಟ್ಟಿ, ಒದ್ದೆ ಕಾಲುಚೀಲ ಒಣಗಿಹಾಕಲು ಕ್ಲಿಪ್ಪು ಸಿಕ್ಕಿಸಿದ ಹಗ್ಗ. ಓಣಿಯಿಂದ ಬರುವವರಿಗೆ ಇವು ಯಾವುದೂ ಬೇಕಿಲ್ಲ. ಈ ದಾರಿಯಲ್ಲಿ ಬರುವವರಿಗೆಂದೇ ಯಾರೋ ಕೂತು ಯೋಚಿಸಿ ಮಾಡಿದ್ದು.

ಸಾಹೇಬರು ಮೂಗರಳಿಸಿ ನಿಂತರು. "ಅಲ್ಲ ಮೇಡಂ, ಇಲ್ಲೊಂದು ಹೋಟೆಲ್ ಇದೆ! ನಿಮ್ಮ ಪಟ್ಟೀಲಿ ಇಲ್ವಲ್ಲ?"

"ಇಲ್ಲ ಸಾರ್."

"ಯಾಕೆ?"

ಬಾಗಿಲಲ್ಲಿ ಸೌಟು ಹಿಡಿದು ಅಕ್ಕ ನಿಂತಿದ್ದಳು. ತಲೆ ಮುಕ್ಕಾಲು ನೆರೆತಿತ್ತು. ಎಡಗೈಯ ಸುಟ್ಟ ಕಲೆಯನ್ನು ತಂಗಿ ಈಗ ಮೊದಲ ಸಲ ಕಣ್ಣಾರೆ ನೋಡಿದಳು.

"ನಮ್ಮಕ್ಕ ಸಾರ್ ಅವಳು," ಎಂದಳು. ಅಷ್ಟು ಹೇಳಿದ ಮೇಲೆ ಉಳಿದದ್ದು ತಡೆಯದೆ ಬಂತು. ದಾರಿ ಯಾಕೆ ಹೀಗೆ ಬಂತು, ಒಂಬತ್ತೂವರೆ ಯಾಕೆ, ಕೋತಿ ಯಾಕೆ, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಸಾಹೇಬರು ಬರೆಯುವುದನ್ನು ನಿಲ್ಲಿಸಿದ್ದರು.

ಅಕ್ಕ ಅಳಲಿಲ್ಲ. ಸೌಟನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ, "ಮುಗೀತಾ?" ಎಂದಳು. "ಬಂದೋರೆಲ್ಲ ಒಂದೇ ರಾಗ, ಕಿಟಕಿಯಮ್ಮ ಬಂಡೆ ಮೇಲೆ ಏನೂ ತಿನ್ಬೇಡಿ ಅಂದ್ರು ಅಂತ. ಅಲ್ಲಿ ಕೋತಿ ಎಲ್ಲಿಂದ ಬರ್ಬೇಕೇ? ನಾನೇನು ಈ ಊರಲ್ಲಿ ಹುಟ್ಟಿಲ್ವಾ? ಮೊದಲನೇ ವಾರವೇ ಗೊತ್ತಾಯ್ತು."

"ಗೊತ್ತಿದ್ದೂ ಒಂದು ದಿನ ಮಾತಾಡಿಸ್ಲಿಲ್ವಲ್ಲಕ್ಕ!"

"ಮಾತಾಡಿಸಿದ್ರೆ ತಪ್ಪು ಮಾಡ್ತಿದೀನಿ ಅಂತ ನಿನಗೇ ಅನ್ಸಿ, ಕಳಿಸೋದನ್ನ ನೀನು ನಿಲ್ಲಿಸಿಬಿಡ್ತಿದ್ದೆ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಜನ ಬರೋದು ನಿಂತ್ರೆ ನಿಲ್ಲಲಿ ಕಣೇ. ನೀನು ಕಳಿಸೋದು ನಿಂತ್ರೆ ನಾನೇನು ಮಾಡ್ಬೇಕಿತ್ತು?"

ಇದನ್ನು ಹೇಳುವಾಗ ಮಾತ್ರ ಅಕ್ಕನ ದನಿ ಸ್ವಲ್ಪ ಕೆಟ್ಟಿತು. ಅದನ್ನು ಮುಚ್ಚಿಕೊಳ್ಳಲು ಸಾಹೇಬರ ಕಡೆ ತಿರುಗಿ, "ನೀವೇನು ನಿಂತಿದೀರಿ? ಕಾಲು ತೊಳ್ಕೊಂಡು ಕೂತ್ಕೊಳ್ಳಿ," ಎಂದು ಗದರಿದಳು. ಅವರು ತಾವು ಮುಖ್ಯ ಕಚೇರಿಯವರು ಎಂಬುದನ್ನೂ ಮರೆತು, ಹೋಗಿ ಕೂತರು.

ಅಕ್ಕ ಇಬ್ಬರಿಗೂ ಬಡಿಸಿದಳು. ಆಮೇಲೆ ಒಳಗಿನಿಂದ ಒಂದು ಸಣ್ಣ ಬಟ್ಟಲು ತಂದು ತಂಗಿಯ ತಟ್ಟೆಗೆ ಸುರಿದಳು. ಪಾತ್ರೆಯ ತಳ ಹಿಡಿದು ಕೆಂಪಗೆ ಗರಿಗರಿಯಾದ ಕಾಳು. ಚಿಕ್ಕವಳಿದ್ದಾಗ ಅದಕ್ಕಾಗಿ ಅವಳು ಅಕ್ಕನ ಕೈಯ ಸೌಟಿಗೆ ಜಗಳವಾಡುತ್ತಿದ್ದಳು. ಆರು ವರ್ಷದಿಂದ ಊರಿಗೆ ಬಂದವರ ಬಾಯಲ್ಲಿ ಈ ಅಡುಗೆಯ ರುಚಿ ಕೇಳಿದ್ದಳು, ತಿಂದಿರಲಿಲ್ಲ.

ಸಾಹೇಬರು ಎರಡನೇ ಸಲ ಬಡಿಸಿಕೊಂಡು ತೀರ್ಪು ಕೊಟ್ಟರು. "ನಿಯಮದಲ್ಲಿ ದಾರಿ ಬಗ್ಗೆ ಏನೂ ಬರೆದಿಲ್ಲ, ನಾನೂ ಏನೂ ಬರೆಯಲ್ಲ. ಆದ್ರೆ ಕೋತಿ ಸಾಲು ತೆಗೀಲೇಬೇಕು. ದಾರೀನೂ ಉಲ್ಟಾ ಆಗಲೇಬೇಕು. ಬಿಸಿಲು ಯಾರ ಸಂಬಂಧಿಕನೂ ಅಲ್ಲ."

ತಂಗಿ ತಟ್ಟೆಯಿಂದ ಕೈ ತೆಗೆದಳು. ಅಕ್ಕ ಅವಳ ಕೈಯನ್ನು ಹಿಡಿದು ಮತ್ತೆ ತಟ್ಟೆಯ ಮೇಲಿಟ್ಟಳು.

"ಆಗ್ಲಿ ಬಿಡಿ ಸಾರ್. ಇಲ್ಲಿಂದ ಶುರು ಮಾಡೋರಿಗೆ ಬೆಳಿಗ್ಗೆ ತಿಂಡಿ ಬೇಡ್ವಾ? ಕಟ್ಟಿಕೊಂಡು ಹೋಗೋಕೆ ಬುತ್ತಿ ಬೇಡ್ವಾ? ಬಂಡೆ ಮೇಲೆ ಕೂತು ಧಾರಾಳವಾಗಿ ತಿನ್ನಲಿ, ಇನ್ನು ಕೋತಿ ಕಾಟ ಇಲ್ವಲ್ಲ! ಆರು ವರ್ಷ ಇವಳು ಜನಾನ ಕಳಿಸಿದ್ದು ನಿಜ, ಆದ್ರೆ ಅಡುಗೆ ಮಾಡಿದ್ದು ನಾನು ತಾನೇ?"

ಹಾಗೆಯೇ ಆಯಿತು. ಹೊಸ ಹಾಳೆಯಲ್ಲಿ ನಡಿಗೆ ಸೇತುವೆಯಿಂದ ಶುರುವಾಯಿತು. ಓಣಿ ಹುಡುಕಲಾರದವರನ್ನು ಅಲ್ಲಿಯವರೆಗೆ ಮುಟ್ಟಿಸುವ ಕೆಲಸ, ಸಾಹೇಬರ ಲಿಖಿತ ಆದೇಶದಂತೆ, ಕಿಟಕಿಯಮ್ಮನದೇ. ಬೆಳಿಗ್ಗೆ ಏಳಕ್ಕೆ ಜನರನ್ನು ಕರೆದುಕೊಂಡು ಹೋಗಿ ಸೇತುವೆಯ ಬುಡಕ್ಕೆ ಮುಟ್ಟಿಸುವಳು. ತಿಂಡಿ ತಿನ್ನಿ ಎಂದು ಯಾರಿಗೂ ಹೇಳುವುದಿಲ್ಲ. ತಾನು ಮಾತ್ರ ಅಕ್ಕನ ಬೆಂಚಿನ ತುದಿಯಲ್ಲಿ ಕೂತು ತಿನ್ನುವಳು. ಅದನ್ನು ನೋಡಿದವರು ಸುಮ್ಮನಿರುತ್ತಾರೆಯೇ?

ಹಾಳೆಯಲ್ಲಿ ಹೋಟೆಲುಗಳು ಇವತ್ತಿಗೂ ಹನ್ನೊಂದೇ. ಮೊನ್ನೆ ಮಧ್ಯಾಹ್ನದ ಬಸ್ಸಿಳಿದು ವಯಸ್ಸಾದ ದಂಪತಿ ಕಿಟಕಿಗೆ ಬಂದರು. ಅವಳು ಹನ್ನೊಂದನ್ನೂ ಒಂದೇ ದನಿಯಲ್ಲಿ ಓದಿದಳು. ಮುದುಕಿ ಕೇಳಿ ಕೇಳಿ ಬೇಸತ್ತು, "ಅದಿರ್ಲಿ ತಾಯಿ, ನೀನೆಲ್ಲಿ ಉಣ್ತೀಯ?" ಎಂದಳು.

"ನಾನು ಡ..." ಎಂದು ರೂಢಿಯ ಬಲದಲ್ಲಿ ಶುರು ಮಾಡಿದವಳು ಕಪಾಟಿನ ಕೆಳಗಿನ ಖಾನೆಯ ಕಡೆ ನೋಡಿದಳು. ಅಲ್ಲಿ ಈಗ ಡಬ್ಬಿ ಇರಲಿಲ್ಲ, ಅವಳ ಕೊಡೆ ಇತ್ತು.

"ನಮ್ಮಕ್ಕನ ಹತ್ರ," ಎಂದಳು.

"ಅದೆಲ್ಲಿ ಬರುತ್ತೆ?"

"ಅದನ್ನ ನಾನು ಹೇಳೋ ಹಾಗಿಲ್ಲ ಅಮ್ಮ." ಹೇಳುವಾಗ ಅವಳ ಮುಖವೆಲ್ಲ ನಗುವಾಗಿತ್ತು.

ಮುದುಕಿ ಆ ನಗುವನ್ನು ಒಂದು ಗಳಿಗೆ ನೋಡಿದಳು. "ಹೋಗ್ಲಿ, ಹೊಟ್ಟೆ ತುಂಬ ಹಾಕ್ತಾಳಾ ನಿಮ್ಮಕ್ಕ?"

"ಎಲ್ರಿಗೂ ಹಾಕ್ತಾಳೆ," ಎಂದು ಕಿಟಕಿಯಮ್ಮ ಬೀಗದ ಕೈ ಹುಡುಕತೊಡಗಿದಳು. ಗಂಟೆ ಹನ್ನೆರಡೂವರೆ ಆಗುತ್ತಿತ್ತು. "ತಳದ್ದನ್ನ ಮಾತ್ರ ನನಗೇ ಇಟ್ಟಿರ್ತಾಳೆ."