ಕೆಸರಿನಲ್ಲಿ ನಿಂತ ನಲವತ್ತು ಸೆಕೆಂಡು

ಪಾಠ ಎಂದರೆ ಆರು ನಿಮಿಷ, ಏಳನೆಯ ನಿಮಿಷಕ್ಕೆ ಜನ ಎದ್ದು ಹೋಗುತ್ತಾರೆ. ಯಿಲ್ಡೌ ಇದನ್ನು ವೇದವಾಕ್ಯವೆಂದೇ ನಂಬಿದ್ದಳು. ಗ್ರೋನಿಂಗನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಅವಳ ಕೆಲಸವೇ ಅದು. ಮೇಷ್ಟ್ರುಗಳು ಹೇಳಿದ್ದನ್ನು ಕತ್ತರಿಸಿ, ಹೊಲಿದು, ಲೋಕದ ಯಾರು ಬೇಕಾದರೂ ಬಿಟ್ಟಿಯಾಗಿ ಕಲಿಯುವಂತೆ ಅಂತರ್ಜಾಲಕ್ಕೆ ಏರಿಸುವುದು.

ಡೌವೆಯ ಪಾಠವನ್ನೂ ಹಾಗೆಯೇ ಏರಿಸಿದ್ದಳು. ಇಳಿತದ ಹೊತ್ತಿನಲ್ಲಿ ಕಡಲು ಹಿಂದೆ ಸರಿದಾಗ ಬಯಲಾಗುವ ಕೆಸರಿನ ಮೇಲೆ ಜನರನ್ನು ದ್ವೀಪದವರೆಗೆ ನಡೆಸಿಕೊಂಡು ಹೋಗುತ್ತಿದ್ದ ಮನುಷ್ಯ ಅವನು, ನಲವತ್ತು ವರ್ಷ ಅದೇ ಕಾಯಕ. ಎರಡು ವರ್ಷದ ಹಿಂದೆ ಮಂಡಿಗಳು ಕೈಕೊಟ್ಟವು. ಈಗ ಕಡಲೊಡ್ಡಿನ ಪಕ್ಕದ ಮನೆಯ ಕಿಟಕಿಯೇ ಗತಿ. ಮಂಡಿ ಗಟ್ಟಿಯಿದ್ದಾಗ ತೆಗೆದ ಪಾಠದ ವಿಡಿಯೊಗಳಲ್ಲಿ ಮಾತ್ರ ಅವನಿನ್ನೂ ನಡೆಯುತ್ತಿದ್ದ.

ಮೊದಲ ಸಲ ಆರು ವಾರದ ಆ ಪಾಠಕ್ಕೆ ಹನ್ನೊಂದು ಸಾವಿರ ಜನ ಸೇರಿದರು. ಮುಗಿಸಿದವರು ಮುನ್ನೂರು. ಈ ಸಲ ಹತ್ತರಲ್ಲಿ ಒಬ್ಬರಾದರೂ ಕೊನೆ ಮುಟ್ಟದಿದ್ದರೆ ಪಾಠ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟರು.

ಜನ ಯಾವ ಕ್ಷಣವನ್ನು ಎಷ್ಟು ಸಲ ನೋಡಿದರೆಂದು ತೋರಿಸುವ ನಕ್ಷೆಯನ್ನು ಯಿಲ್ಡೌ ತೆಗೆದು ನೋಡಿದಳು. ಮೂರನೆಯ ವಾರದ ಪಾಠದ ನಡುವೆ ಒಂದು ಗೂನು. ಜನ ಅದೊಂದೇ ಜಾಗಕ್ಕೆ ಮತ್ತೆ ಮತ್ತೆ ಹಿಂದಿರುಗಿದ್ದರು. ಅವಳ ಕಸುಬಿನಲ್ಲಿ ಗೂನಿಗೆ ಒಂದೇ ಅರ್ಥ: ಇಲ್ಲಿ ಅರ್ಥವಾಗುತ್ತಿಲ್ಲ. ಅಲ್ಲಿ ಡೌವೆ, "ಈಗ ಸುಮ್ಮನಿರಿ" ಎಂದು ಹೇಳಿ ಕಣಕಾಲುದ್ದ ಕೆಸರಿನಲ್ಲಿ ನಲವತ್ತು ಸೆಕೆಂಡು ನಿಂತಿದ್ದ. ಮಾತಿಲ್ಲ ಕತೆಯಿಲ್ಲ. ಕತ್ತರಿಸಿ ಎಸೆದಳು.

ಹೇಳುವುದಕ್ಕೆಂದು ಅವನ ಮನೆಗೆ ಹೋದಾಗ ಡೌವೆ ಕಾಫಿ ಕೊಟ್ಟು, ಒಂದು ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿದ.

"ಅಲ್ಲೇನೂ ಇರಲಿಲ್ಲವಲ್ಲ, ಬರೀ ನಿಂತಿದ್ರಿ ನೀವು," ಎಂದಳು.

"ನಿಲ್ಲೋದು ಏನೂ ಅಲ್ಲ ಅಂತೀಯಾ? ನನ್ನ ಮಂಡೀನ ಕೇಳಿ ನೋಡು."

"ಪಾಠ ಉಳೀಬೇಕಲ್ಲ."

"ಉಳಿಸಮ್ಮ. ಅದೊಂದ್ರಲ್ಲೇ ನಾನಿನ್ನೂ ಹೊರಗೆ ಹೋಗಿಬರ್ತಿರೋದು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಿತ್ತು ಇವರಿಬ್ಬರ ಜೋಡಿ. ಕೋಣ ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಸಲ ಎಂಟು ಸಾವಿರ ಜನ ಸೇರಿದರು, ಬಹಳ ಮಂದಿ ಹೋದ ಸಲದವರೇ. ಮೂರನೆಯ ವಾರ ಬಂತು. ಗೂನು ಮಾಯವಾಗಿತ್ತು, ಜತೆಗೆ ಜನರೂ ಮಾಯ. ಯಿಲ್ಡೌ ಕಾರಣ ಹುಡುಕತೊಡಗಿದಳು. ಕಲಿಯುವವರು ಮಾತಾಡಿಕೊಳ್ಳುವ ಪುಟದಲ್ಲಿ ತಾಂಪೆರೆ ಊರಿನ ಔನೆ ಎಂಬಾಕೆ ಬರೆದಿದ್ದಳು: "ಹೋದ ಸಲವೂ ಸೇರಿದ್ದೆ. ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದೀನಿ. ದಿನಾ ಬೆಳಿಗ್ಗೆ ಅಲ್ಲಿಗೆ ಬಂದು ನಿಲ್ತಿದ್ದೆ. ಈಗ ಎಲ್ಲಿ ನಿಲ್ಲಲಿ?" ಅದರ ಕೆಳಗೆ ಅರವತ್ತು ಜನ, ನಾನೂ, ನಾನೂ ಎಂದಿದ್ದರು.

ಮಧ್ಯಾಹ್ನ ಅವಳು ಹಳೆಯ ತುಣುಕನ್ನು ಹುಡುಕಿ, ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು, ಮೊದಲ ಬಾರಿಗೆ ಕತ್ತರಿ ಕೆಳಗಿಟ್ಟು ಕೇಳಿದಳು. ಮಂಜು. ನೀರು ಯಾವುದು, ಆಕಾಶ ಯಾವುದು, ಗೊತ್ತಾಗುವಂತಿಲ್ಲ. ಕೆಸರಿನೊಳಗೆ ಸಾವಿರಾರು ಸಣ್ಣ ಜೀವಗಳು ಚಿಟಿಚಿಟಿ ಎನ್ನುತ್ತಿದ್ದವು, ಒಗ್ಗರಣೆ ಆರುವ ಹೊತ್ತಿನ ಸದ್ದು. ನೋಡನೋಡುತ್ತ ಮಂಜು ಕಚೇರಿಯೊಳಕ್ಕೆ ಬಂತು. ಮೇಜಿನ ಕಾಲುಗಳು ಕೆಸರಿನಲ್ಲಿ ಇಳಿದವು. ಸುತ್ತ ಜನ ಬರಿಗಾಲಲ್ಲಿ ನಿಂತಿದ್ದರು, ಲಂಗದ ಅಂಚು ಎತ್ತಿ ಹಿಡಿದವರು, ಮಗುವನ್ನು ಹೆಗಲಿಗೇರಿಸಿಕೊಂಡವರು, ಆಸ್ಪತ್ರೆಯ ಅಂಗಿ ತೊಟ್ಟವರು. ಯಾರೂ ಮಾತಾಡಲಿಲ್ಲ. ಯಾರಿಗೂ ಹೊರಡುವ ಅವಸರವಿರಲಿಲ್ಲ. ಅಯ್ಯೋ, ಅರ್ಥವಾಗದೆ ಅಲ್ಲ, ಆಸೆಯಾಗಿ ಬರುತ್ತಿದ್ದರು ಇವರೆಲ್ಲ. ಅವಳಿಗೆ ನಾಚಿಕೆಯಾಯಿತು.

ಆದರೆ ಇನ್ನೊಂದು ಸಂಗತಿಯೂ ನಕ್ಷೆಯಲ್ಲಿತ್ತು. ಹೋದ ಸಲ ಅಲ್ಲಿ ನಿಂತವರಲ್ಲಿ ಮುಂದೆ ಹೋದವರು ಬೆರಳೆಣಿಕೆ. ತುಣುಕನ್ನು ವಾಪಸು ಹಾಕಿದರೂ ಪಾಠ ಮುಚ್ಚುವುದೇ. ಮತ್ತೆ ಡೌವೆಯ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದಳು.

ಅವನು ಕಾಫಿ ಬಗ್ಗಿಸಿ, ಬಿಸ್ಕತ್ತಿನ ಡಬ್ಬಿ ತೆರೆದ. "ತಪ್ಪು ನಂದೇ ಕಣಮ್ಮ. ದಾರಿ ಮಧ್ಯೆ ಯಾರನ್ನೂ ನಿಲ್ಲಿಸಬಾರದು, ಉಬ್ಬರ ಬಂದ್ಬಿಡುತ್ತೆ. ನಲವತ್ತು ವರ್ಷ ಎಲ್ಲರಿಗೂ ಇದನ್ನೇ ಹೇಳಿದವನು, ಕ್ಯಾಮೆರಾ ಮುಂದೆ ಮರೆತೆ."

"ಮತ್ತೆ ಎಲ್ಲಿ ನಿಲ್ಲಿಸ್ತಿದ್ರಿ?"

"ದ್ವೀಪ ಮುಟ್ಟೋ ಜಾಗದಲ್ಲಿ. ನಡೆದು ಬಂದವರಿಗೆ ನಿಲ್ಲೋದು ಸಿಹಿ."

ಈ ಸಲ ಬಿಸ್ಕತ್ತಿನ ಡಬ್ಬಿಯನ್ನು ಅವನು ಮುಚ್ಚಲಿಲ್ಲ.

ಯಿಲ್ಡೌ ಮೂರನೆಯ ವಾರದಲ್ಲಿ ಒಂದು ಸಾಲು ಬರೆದಳು: "ನಿಲ್ಲುವ ಜಾಗ ಕೊನೆಯಲ್ಲಿದೆ, ನಡೆದು ಬನ್ನಿ." ಬಿಟ್ಟುಹೋದವರಿಗೂ ಅದನ್ನೇ ಕಳಿಸಿದಳು. ಕೊನೆಯ ಪಾಠದಲ್ಲಿ ಆ ನಲವತ್ತು ಸೆಕೆಂಡು ಬಿಟ್ಟು ಬೇರೇನನ್ನೂ ಇಡಲಿಲ್ಲ. ಕೆಳಗೆ ಒಂದೇ ಪ್ರಶ್ನೆ, ಅಂಕವಿಲ್ಲದ್ದು: ಏನು ಕೇಳಿಸಿತು?

ಎಂಟುನೂರು ಜನ ಬೇಕಿತ್ತು, ಒಂಬೈನೂರು ದಾಟಿತು. ಅವಳು ಒಂದೊಂದೇ ಉತ್ತರ ಓದುತ್ತ ಕುಳಿತಳು. ಔನೆಗೆ ತನ್ನ ಉಸಿರು ಕೇಳಿಸಿತ್ತಂತೆ. ಇನ್ನೊಬ್ಬನಿಗೆ ಏನೂ ಕೇಳಿಸಿರಲಿಲ್ಲ, ಅದೇ ಚೆನ್ನಾಗಿತ್ತಂತೆ.

ಕೊನೆಯದು ಅದೇ ಬೆಳಿಗ್ಗೆ ಬಂದದ್ದು. ಸೇರಿದವನ ಹೆಸರು ಡೌವೆ. ಆರು ವಾರದ ಪಾಠವನ್ನೂ ಬಿಡದೆ ನೋಡಿ, ಪ್ರಶ್ನೆಗಳಿಗೆಲ್ಲ ಉತ್ತರಿಸಿ, ಎರಡರಲ್ಲಿ ತಪ್ಪಿದ್ದ. ಏನು ಕೇಳಿಸಿತು ಎಂಬಲ್ಲಿ ಹೀಗೆ ಬರೆದಿದ್ದ: "ನನ್ನ ಕಾಲು ಕೆಸರಿನಿಂದ ಮೇಲೇಳುವ ಸದ್ದು."