ಒಮ್ಮೆಯೂ ಹತ್ತದ ಕೆಂಪು ದೀಪ

“ನೆಟ್ಟಗೆ ನಿಂತ್ಕೊಳ್ಳೇ, ಒರಗಬೇಡ! ಗೋಡೆ ಏನು ನಿಮ್ಮಪ್ಪಂದಾ?”

ಮ್ಯಾನೇಜರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡೇ ಗದರಿದ. ಬೆಳಗಿನ ಸಭೆ ನಿಂತೇ ಆಗಬೇಕು, ನಿಂತರೆ ಮಾತು ಬೇಗ ಮುಗಿಯುತ್ತದೆ ಎಂಬುದು ಕಂಪನಿಯ ತತ್ವ. ಅವನೊಬ್ಬ ಕೂತಿರುತ್ತಿದ್ದನಲ್ಲ, ಮಾತು ಮುಗಿಯುತ್ತಲೇ ಇರಲಿಲ್ಲ. ಎಲ್ಲರೂ ‘ಕೆದಕಿ’ ಎಂದೇ ಕರೆಯುವ ತುಂಬು ಬಸುರಿ ಸೊಂಟ ಹಿಡಿದುಕೊಂಡು, ಹಲ್ಲು ಕಚ್ಚಿ ನಿಂತಳು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಗುತ್ತಿಗೆ ಕೆಲಸ ಅವಳದು; ಅದಕ್ಕೇ ಆ ಅಡ್ಡಹೆಸರು.

ಇವತ್ತು ಮೌಲ್ಯಮಾಪಕರು ಬೇರೆ ಬಂದಿದ್ದರು. ಕೆಲಸದ ರೀತಿ ಸುಧಾರಿಸಲೆಂದು ಕಂಪನಿ ಹಾಕಿಕೊಂಡ ತತ್ವಗಳು ಎಷ್ಟು ಫಲ ಕೊಟ್ಟಿವೆ ಎಂದು ಅಳೆಯುವ ದೊಡ್ಡ ಮನುಷ್ಯರು. ತತ್ವಗಳೆಲ್ಲ ಗೋಡೆಯ ಮೇಲೆ ಗಾಜಿನ ಕಟ್ಟಿನೊಳಗೆ ಮಿರಮಿರ ಮಿಂಚುತ್ತಿದ್ದವು. ಕೆಳಗೆ ಒಂದು ಕೆಂಪು ದೀಪ, ಒಂದು ಸ್ವಿಚ್ಚು.

“ತಪ್ಪು ಕಂಡೋರು ಯಾರೇ ಆಗ್ಲಿ ಈ ದೀಪ ಹಾಕ್ಬಹುದು ಸಾರ್. ದೀಪ ಹತ್ತಿತೋ, ಮಾಲು ಹೊರಗೆ ಹೋಗಲ್ಲ,” ಎಂದ ಮ್ಯಾನೇಜರು. “ಈ ವರ್ಷ ಒಂದ್ಸಲಾನೂ ಹತ್ತಿಲ್ಲ ನೋಡಿ!”

ಹತ್ತುವುದಾದರೂ ಹೇಗೆ? ಹೋದ ವರ್ಷ ದೀಪ ಹಾಕಿದ್ದ ಜೊತೆಕೆಲಸಗಾರ ಉದ್ದಣ್ಣನನ್ನು ಅವತ್ತೇ ಕತ್ತು ಹಿಡಿದು ಆಚೆ ದಬ್ಬಿದ್ದರು. ಆಮೇಲೆ ಯಾರ ಕೈಯೂ ಮೇಲೇಳಲಿಲ್ಲ. ಥೂ, ಇವರ ತತ್ವಕ್ಕಿಷ್ಟು ಬೆಂಕಿ ಹಾಕ!

ಇವತ್ತು ಹೊರಡಬೇಕಿದ್ದ ಮಾಲು ತಗಡು ಒತ್ತುವ ಯಂತ್ರದ ಸಾಫ್ಟ್‌ವೇರು. ಕೆಲಸಗಾರರ ಕೈ ಒಳಗೆ ಬಂದರೆ ಯಂತ್ರ ತಟ್ಟನೆ ನಿಲ್ಲಬೇಕು. ಆದರೆ ತಗಡುಗಳನ್ನು ಬೇಗ ಬೇಗ ಇಟ್ಟರೆ, ಕೈ ಒಳಗಿದ್ದರೂ ಅದು ನಿಲ್ಲುತ್ತಿರಲಿಲ್ಲ. ಕೆದಕಿ ನಿನ್ನೆಯೇ ಬಾಯಿ ಬಡಕೊಂಡಿದ್ದಳು. ಇದು ಮೊದಲು ಹೋಗುವುದೇ ಅವಳ ಅಣ್ಣ ದುಡಿಯುವ ಕಾರ್ಖಾನೆಗೆ.

“ಸಾರ್, ಅದಿನ್ನೂ ಸರಿಹೋಗಿಲ್ಲ,” ಎಂದಳು. “ನಮ್ಮಣ್ಣ ಅಲ್ಲೇ ಕೆಲ್ಸ ಮಾಡೋದು. ಕೈ ಹೋಗುತ್ತೆ ಸಾರ್.”

ಮ್ಯಾನೇಜರು ನಗುನಗುತ್ತಲೇ ಎದ್ದು ಬಂದು ಪಿಸುಗುಟ್ಟಿದ. “ಬಾಯಿ ಮುಚ್ಕೊಂಡಿರು, ಮುಂಡೇದೆ. ಹೆರಿಗೆ ಆದ್ಮೇಲೆ ಅನ್ನಕ್ಕೆ ಇಲ್ಲಿಗೇ ಬರ್ಬೇಕು ತಾನೇ? ಅಣ್ಣನಿಗೆ ಹುಷಾರಾಗಿರೋಕ್ ಹೇಳು.”

ಕೆದಕಿಗೆ ಮೈಯೆಲ್ಲ ಉರಿದುಹೋಯಿತು. ಹೆದರಿಕೆಯೂ ಆಯಿತು, ಸುಳ್ಳೇಕೆ? ಸೀದಾ ಹೋಗಿ ಸ್ವಿಚ್ಚು ಒತ್ತಿದಳು.

ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದಳು. ಊಹೂಂ. ದೀಪವನ್ನೇ ಹಿಡಿದು ಎಳೆದರೆ ಮೊಳೆ ಸಮೇತ ಕೈಗೆ ಬಂತು. ಹಿಂದೆ ವೈರೇ ಇರಲಿಲ್ಲ; ಉದ್ದಣ್ಣ ಹೋದಮೇಲೆ ಯಾರೋ ಕಿತ್ತುಹಾಕಿದ್ದರು.

ತಂದು ಮೌಲ್ಯಮಾಪಕರ ಚಹಾದ ಪಕ್ಕ ಇಟ್ಟಳು. “ಇದನ್ನೂ ಒಂಚೂರು ಅಳೀರಿ ಸ್ವಾಮಿ.”

“ಇದು... ನಿಮ್ಮ ಒಳಗಿನ ವಿಚಾರ ಅಲ್ವಾ?” ಎನ್ನುತ್ತ ಅವರು ಲೋಟ ಆಚೆ ಸರಿಸಿಕೊಂಡರು.

“ಕಳಿಸ್ರೋ ಮಾಲು, ಏನ್ ಬಾಯಿ ಬಿಡ್ತೀರಾ!” ಮ್ಯಾನೇಜರು ಕಿರುಚಿದ.

ಮಾಲು ಕಳಿಸುವ ಕಂಪ್ಯೂಟರಿಗೆ ಯಾರಾದರೂ ಕೈ ಹಾಕುವ ಮೊದಲೇ ಕೆದಕಿ ಅದರ ಕೀಬೋರ್ಡನ್ನು ವೈರು ಸಮೇತ ಕಿತ್ತುಕೊಂಡಳು. ನಿಂತೇ ಇರಬೇಕಾದ ಆ ಕೋಣೆಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು.

“ಏಳೇ ಮೇಲೆ, ಬೋಸುಡಿ!”

“ಏಳಲ್ಲ ಕಣೋ. ಏನ್ ಕಿತ್ಕೊಂತೀಯೋ ಕಿತ್ಕೊ.”

ಅವನು ಕಾವಲಿನವರನ್ನು ಕೂಗಿದ. ನಿಂತವರು ಯಾರೂ ಕೂರಲಿಲ್ಲ. ಮೆಟ್ಟಿಲ ಮೇಲೆ ಬೂಟುಗಳ ಸದ್ದು ಹತ್ತಿರವಾಯಿತು. ಕೆದಕಿ ಕೀಬೋರ್ಡನ್ನು ಹೊಟ್ಟೆಗೆ ಅವುಚಿಕೊಂಡು ಬಾಗಿಲನ್ನೇ ನೋಡುತ್ತ ಕೂತಳು.